ಮಧ್ಯಮ ನಳಿಗೆಯ ತೋಟಾಗಳು: ಮೂಸ್‌ಗೆ ಯಾವುದು, ಕಾಡೆಮ್ಮೆಗೆ ಯಾವುದು?

"ಮಾವ, .338 ರೈಫಲ್ ಕೊಳ್ಳಲೇ, .375 ಕೊಳ್ಳಲೇ?" ಎಂದು ಅಕ್ಕನ ಮಗ ಕೇಳಿದಾಗ ಅವನ ಕೈಯಲ್ಲಿ ನಾಲ್ಕು ಪುಟಗಳ ಪಟ್ಟಿಯಿತ್ತು. ಗುಂಡಿನ ತೂಕ, ಅದರ ವೇಗ, ಮುನ್ನೂರು ಗಜದಲ್ಲಿ ಅದು ಎಷ್ಟು ಇಂಚು ಕೆಳಗಿಳಿಯುತ್ತದೆ ಎಂಬ ಲೆಕ್ಕ, ಎಲ್ಲವನ್ನೂ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದ. ಮಡಿಕೇರಿ ಕಡೆಯಿಂದ ಕೆನಡಾದ ಆಲ್ಬರ್ಟಾಕ್ಕೆ ಬಂದು ಅವನಿಗೆ ಮೂರು ವರ್ಷ. ಬಂದೂಕಿನ ಲೈಸೆನ್ಸ್ ಪರೀಕ್ಷೆ ಪಾಸಾಗಿ ಆರು ತಿಂಗಳು. ಪಟ್ಟಿಯಲ್ಲಿ ಲೆಕ್ಕಕ್ಕೆ ಸಿಗದೆ ಉಳಿದದ್ದು ಒಂದೇ: ಅವನ ಹೆಗಲು.

ಊರಿನಲ್ಲಿ ನಮಗೆ ಗೊತ್ತಿದ್ದದ್ದು ಜೋಡುನಳಿಗೆಯ ಕೋವಿ. ಕೈಲ್‌ಪೊಳ್ದಿನ ದಿನ, ಅಂದರೆ ಕೊಡವರ ಆಯುಧಪೂಜೆಯ ಹಬ್ಬದಂದು, ಹೂವಿಟ್ಟು ಪೂಜೆ, ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಭಾರತದಲ್ಲಿ ಶಿಕಾರಿಯ ಮಾತು ಮುಗಿದಿದೆ, ಮುಗಿದದ್ದು ಒಳ್ಳೆಯದೇ ಆಯಿತು. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಉತ್ತರ ಅಮೆರಿಕ, ಯುರೋಪ್ ಮತ್ತು ಆಫ್ರಿಕಾದಲ್ಲಿ ಪರವಾನಗಿ ಪಡೆದು ಬೇಟೆಯಾಡುವವರ ಸಂಗತಿ. ಅಕ್ಕನ ಮಗನಿಗೆ ಬಾಯಲ್ಲಿ ಹೇಳಿದ್ದನ್ನೇ ಸ್ವಲ್ಪ ಜೋಡಿಸಿ ಬರೆದಿದ್ದೇನೆ.

ಮೊದಲು ಅಳತೆ. ರೈಫಲ್ ತೋಟಾಗಳಲ್ಲಿ ಮಧ್ಯಮ ಎಂದು ಕರೆಯುವುದು ಸುಮಾರು .33 ಇಂಚಿನಿಂದ .375 ಇಂಚಿನವರೆಗಿನ ಅಡ್ಡಳತೆಯ ಗುಂಡುಗಳನ್ನು. ಕೆಲವರು ಗೆರೆಯನ್ನು .40ರವರೆಗೂ ಎಳೆಯುತ್ತಾರೆ. ಇವುಗಳಲ್ಲಿ ಇಂದು ನಿಜವಾಗಿ ಅಂಗಡಿಯಲ್ಲಿ ಸಿಗುವ, ನಿಜವಾಗಿ ಕಾಡಿಗೆ ಹೋಗುವ ತೋಟಾಗಳು ನಾಲ್ಕು: .338 ವಿಂಚೆಸ್ಟರ್ ಮ್ಯಾಗ್ನಮ್ (ಮ್ಯಾಗ್ನಮ್ ಎಂದರೆ ಹೆಚ್ಚು ಮದ್ದು ಹಿಡಿಸುವ ತೋಟಾ), .35 ವೀಲನ್, 9.3×62 ಮೌಸರ್, .375 ಹಾಲೆಂಡ್ ಅಂಡ್ ಹಾಲೆಂಡ್. ಮಿಲಿಮೀಟರಿನಲ್ಲಿ ಹೇಳಿದರೆ 8.6, 9.1, 9.3, 9.5. ತೀರಾ ತೆಳುವಾದದ್ದಕ್ಕೂ ತೀರಾ ದಪ್ಪದ್ದಕ್ಕೂ ನಡುವೆ ಒಂದು ಮಿಲಿಮೀಟರೂ ಇಲ್ಲ. ಇಷ್ಟಕ್ಕೆ ಇಷ್ಟೊಂದು ಜಗಳ ಏಕೆ ಎಂದರೆ, ವ್ಯತ್ಯಾಸವಿರುವುದು ಗುಂಡಿನ ದಪ್ಪದಲ್ಲಿ ಮಾತ್ರವಲ್ಲ. ಅದರ ಹಿಂದಿನ ಮದ್ದಿನಲ್ಲಿ, ಸುತ್ತಲಿನ ಕಬ್ಬಿಣದಲ್ಲಿ, ಎದುರಿಗಿರುವ ಕಾನೂನಿನಲ್ಲಿ.

ಹಿರಿಯಣ್ಣನಿಂದ ಶುರು ಮಾಡೋಣ

.375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾ ಲಂಡನ್ನಿನ ಅದೇ ಹೆಸರಿನ ಬಂದೂಕು ತಯಾರಕರಿಂದ 1912ರಲ್ಲಿ ಬಂತು. ಉದ್ದನೆಯ, ಮೇಲಕ್ಕೆ ಹೋದಂತೆ ನಿಧಾನವಾಗಿ ಕಿರಿದಾಗುವ ಹಿತ್ತಾಳೆ ಕೇಸ್, ಅಂದರೆ ಮದ್ದು ತುಂಬುವ ಕೊಳವೆ; ಬುಡದಲ್ಲಿ ಸೊಂಟಪಟ್ಟಿಯಂತೆ ಒಂದು ಉಬ್ಬು. ಆ ಕಾಲದ ಮದ್ದಾದ ಕಾರ್ಡೈಟ್ ಶ್ಯಾವಿಗೆಯಂತೆ ಎಳೆ ಎಳೆಯಾಗಿ ಬರುತ್ತಿತ್ತು, ಬಿಸಿಲಿನಲ್ಲಿ ಅದರ ಒತ್ತಡ ಏರುತ್ತಿತ್ತು. ಇಳಿಜಾರಾದ ಕೇಸ್ ಆಫ್ರಿಕಾದ ಸುಡುಬಿಸಿಲಿನಲ್ಲೂ ನಳಿಗೆಯೊಳಗೆ ಸಿಕ್ಕಿಕೊಳ್ಳದೆ ಸಲೀಸಾಗಿ ಹೊರಬರುತ್ತಿತ್ತು. ಆದರೆ ಅಂಥ ಇಳಿಜಾರು ಭುಜದ ತೋಟಾ ನಳಿಗೆಯಲ್ಲಿ ಎಷ್ಟು ಒಳಗೆ ಹೋಗಿ ನಿಲ್ಲಬೇಕು ಎಂಬುದಕ್ಕೆ ಒಂದು ತಡೆ ಬೇಕು. ಆ ತಡೆಯೇ ಬುಡದ ಪಟ್ಟಿ. ಮುಂದೆ ಬಂದ ಎಷ್ಟೋ ಮ್ಯಾಗ್ನಮ್ ತೋಟಾಗಳು ಅಗತ್ಯವಿಲ್ಲದಿದ್ದರೂ ಈ ಪಟ್ಟಿಯನ್ನು ಉಟ್ಟುಕೊಂಡವು. ಪಟ್ಟಿ ಕಂಡರೆ ಬಲ ಹೆಚ್ಚು ಎಂದು ಕೊಳ್ಳುವವರು ನಂಬಿದ್ದರು.

ಇದರ ಮಾಮೂಲಿ ಗುಂಡು 300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ. ನಳಿಗೆಯ ಬಾಯಲ್ಲಿ ವೇಗ ಸೆಕೆಂಡಿಗೆ ಸುಮಾರು 770 ಮೀಟರ್, ಬಲ ಸುಮಾರು 5,780 ಜೂಲ್. ಆನೆ, ಕಾಡೆಮ್ಮೆ (ನಮ್ಮ ಕಾಟಿಯಲ್ಲ, ಆಫ್ರಿಕಾದ ಬಫಲೋ), ಸಿಂಹ, ಎಲ್ಯಾಂಡ್ ಎಂಬ ದೊಡ್ಡ ಹುಲ್ಲೆ, ಕೊನೆಗೆ ಹಗುರ ಗುಂಡು ಹಾಕಿ ದೂರದ ಜಿಂಕೆ ಜಾತಿಯವು ಕೂಡ. ಒಂದೇ ಬಂದೂಕಿನಲ್ಲಿ ಇಡೀ ಆಫ್ರಿಕಾ ಸುತ್ತುವವರಿಗೆ ನೂರು ವರ್ಷದಿಂದ ಇದೇ ಉತ್ತರ. ತೂಕದ ಗುಂಡನ್ನು ಬದಲಿಸಿ ಹಗುರದ್ದು ಹಾಕಿದರೂ ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಬೀಳುತ್ತದೆ ಎಂಬ ಖ್ಯಾತಿಯೂ ಇದಕ್ಕಿದೆ. ಎಲ್ಲಾ ಬಂದೂಕುಗಳಲ್ಲೂ ಹಾಗಾಗುವುದಿಲ್ಲ, ಗುರಿಮೈದಾನದಲ್ಲಿ ನೋಡಿಯೇ ನಂಬಬೇಕು.

ಕೊರತೆ ಏನು? ಕೇಸ್ ಒಂದೇ 72 ಮಿಲಿಮೀಟರ್ ಉದ್ದ. ಅದಕ್ಕೆ ಉದ್ದನೆಯ ಮ್ಯಾಗ್ನಮ್ ಬೋಲ್ಟ್, ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಭಾಗ, ಬೇಕು, ಬಂದೂಕು ಭಾರವಾಗುತ್ತದೆ, ಬೆಲೆಯೂ ಏರುತ್ತದೆ. 2007ರಲ್ಲಿ ರೂಗರ್ ಮತ್ತು ಹಾರ್ನಡಿ ಸೇರಿ ತಂದ .375 ರೂಗರ್ ಈ ತೊಂದರೆಯನ್ನು ಜಾಣತನದಿಂದ ಬಿಡಿಸಿತು: ಪಟ್ಟಿ ಇಲ್ಲ, ಕೇಸ್ ಗಿಡ್ಡ ಮತ್ತು ಬುಡದಿಂದಲೇ ದಪ್ಪ, ಸಾಮಾನ್ಯ ಉದ್ದದ ಬೋಲ್ಟಿನಲ್ಲೇ ಕೂರುತ್ತದೆ, ವೇಗ ಹಿರಿಯಣ್ಣನಿಗಿಂತ ಒಂದಿಷ್ಟು ಹೆಚ್ಚೇ. ಕಾಗದದ ಮೇಲೆ ಇದು ಎಲ್ಲದರಲ್ಲೂ ಗೆಲ್ಲುತ್ತದೆ. ಆದರೆ ವಿಮಾನದಲ್ಲಿ ತೋಟಾ ಇದ್ದ ಪೆಟ್ಟಿಗೆ ಕಳೆದುಹೋಗಿ ನೀವು ಆಫ್ರಿಕಾದ ಒಂದು ಸಣ್ಣ ಊರಿನಲ್ಲಿ ಇಳಿದಿದ್ದರೆ, ಅಲ್ಲಿನ ಅಂಗಡಿಯಾತನ ಕಪಾಟಿನಲ್ಲಿ ಇರುವ ಸಾಧ್ಯತೆ ಹೆಚ್ಚಿರುವುದು 1912ರ ತೋಟಾ.

ಬಡವರ .375

ನನ್ನ ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ನನ್ನ ಮನೆಯ ಕಪಾಟಿನಲ್ಲಿರುವುದು 9.3×62. ಓದುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

1905ರಲ್ಲಿ ಬರ್ಲಿನ್ನಿನ ಬಂದೂಕು ತಯಾರಕ ಓಟ್ಟೊ ಬಾಕ್ ಇದನ್ನು ರೂಪಿಸಿದರು. ಆಗ ಜರ್ಮನಿಗೆ ಆಫ್ರಿಕಾದಲ್ಲಿ ವಸಾಹತುಗಳಿದ್ದವು. ಅಲ್ಲಿಗೆ ಹೋಗಿ ನೆಲೆಸಿದ ರೈತನಿಗೆ ಇಂಗ್ಲಿಷ್ ಸಾಹೇಬರ ಜೋಡುನಳಿಗೆಯ ದುಬಾರಿ ರೈಫಲ್ ಕೊಳ್ಳುವ ಶಕ್ತಿ ಇರಲಿಲ್ಲ, ಆದರೆ ಅವನ ಹೊಲಕ್ಕೂ ಆನೆ ಬರುತ್ತಿತ್ತು, ಅವನ ದನವನ್ನೂ ಸಿಂಹ ಒಯ್ಯುತ್ತಿತ್ತು. ಬಾಕ್ ಮಾಡಿದ್ದು ಸರಳ ಲೆಕ್ಕ. ಜರ್ಮನ್ ಸೈನ್ಯಕ್ಕೆಂದು ಲಕ್ಷಗಟ್ಟಲೆ ತಯಾರಾಗುತ್ತಿದ್ದ ಮೌಸರ್ 98 ಬೋಲ್ಟ್ ಅಗ್ಗವಾಗಿ ಸಿಗುತ್ತಿತ್ತು. ಅದರ ಉದ್ದವನ್ನು ಬದಲಿಸದೆ ಅದರೊಳಗೆ ಹಿಡಿಸುವ ದೊಡ್ಡ ತೋಟಾ ಯಾವುದು? 62 ಮಿಲಿಮೀಟರ್ ಕೇಸ್, 9.3 ಮಿಲಿಮೀಟರ್ ಗುಂಡು. ಪಟ್ಟಿ ಗಿಟ್ಟಿ ಏನೂ ಇಲ್ಲ.

286 ಗ್ರೇನ್, ಅಂದರೆ 18.5 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 720 ಮೀಟರ್ ವೇಗದಲ್ಲಿ ಹೊರಡುತ್ತದೆ. ಬಲ ಸುಮಾರು 4,800 ಜೂಲ್. .375ಕ್ಕಿಂತ ಗುಂಡು ಒಂದು ಗ್ರಾಂನಷ್ಟೇ ಹಗುರ, ವೇಗ ಐವತ್ತು ಮೀಟರ್ ಕಡಿಮೆ. ಪಟ್ಟಿಯಲ್ಲಿ ಸಾವಿರ ಜೂಲ್ ಕಡಿಮೆ ಎಂದು ಕಾಣುವ ಈ ಅಂತರ ನೂರು ಗಜದೊಳಗೆ ನಿಂತ, ಉತ್ತರದ ಭಾರಿ ಜಿಂಕೆಯಾದ ಮೂಸ್‌ಗೆ ತಿಳಿಯುವುದಿಲ್ಲ. ವಸಾಹತುಗಳು ಮೊದಲ ಮಹಾಯುದ್ಧದೊಂದಿಗೆ ಹೋದವು, ತೋಟಾ ಮಾತ್ರ ಉಳಿಯಿತು. ಸ್ವೀಡನ್ನಿನಿಂದ ಜರ್ಮನಿಯವರೆಗೆ ಮೂಸ್ ಮತ್ತು ಕಾಡುಹಂದಿಯ ಬೇಟೆಗೆ ಈಗಲೂ ದಿನಬಳಕೆಯದು. ಜೋಡುನಳಿಗೆ ಬೇಕೆನ್ನುವವರಿಗೆ ಇದರ ದಾಯಾದಿ 9.3×74ಆರ್ ಇದೆ. ಬುಡದಲ್ಲಿ ಅಂಚಿರುವ ಉದ್ದನೆಯ ತೋಟಾ, ಬಲ ಹೆಚ್ಚು ಕಡಿಮೆ ಇಷ್ಟೇ.

ಅದರ ಕೊರತೆಯನ್ನೂ ಹೇಳಬೇಕು. ಉತ್ತರ ಅಮೆರಿಕದ ಸಣ್ಣ ಊರುಗಳಲ್ಲಿ 9.3 ಕೇಳಿದರೆ ಅಂಗಡಿಯವನು ನಿಮ್ಮ ಮುಖವನ್ನೇ ನೋಡುತ್ತಾನೆ. ಒಂದು ಸಲ ಬೇಟೆಗೆ ಹೋಗುವ ದಾರಿಯಲ್ಲಿ ತೋಟಾ ಮನೆಯಲ್ಲೇ ಮರೆತದ್ದು ನೆನಪಾಗಿ, ಸಿಕ್ಕ ಮೂರು ಅಂಗಡಿಗಳಲ್ಲೂ ಇಲ್ಲವೆನಿಸಿಕೊಂಡು ನೂರೆಂಬತ್ತು ಕಿಲೋಮೀಟರ್ ಹಿಂದಕ್ಕೆ ಕಾರು ಓಡಿಸಿದ್ದೇನೆ. ಆ ದಿನ ಜೊತೆಗಿದ್ದ ಗೆಳೆಯನದು .338. ಅವನು ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ, ಅದೇ ಹೆಚ್ಚು ನೋವಾಯಿತು.

ವೇಗದ .338

ವಿಂಚೆಸ್ಟರ್ ಕಂಪನಿ 1958ರಲ್ಲಿ .375ರ ಕೇಸನ್ನೇ ಗಿಡ್ಡಗೊಳಿಸಿ, ಕುತ್ತಿಗೆಯನ್ನು ಕಿರಿದು ಮಾಡಿ .338 ಮ್ಯಾಗ್ನಮ್ ತಂದಿತು. ಅದಕ್ಕೆಂದು ಬಿಟ್ಟ ತನ್ನ ಮಾಡೆಲ್ 70 ರೈಫಲ್‌ಗೆ ‘ಅಲಾಸ್ಕನ್’ ಎಂದೇ ಹೆಸರಿಟ್ಟಿತು. ಹೆಸರಿಗೆ ತಕ್ಕಂತೆ ಅಲಾಸ್ಕಾದಲ್ಲೂ ರಾಕಿ ಪರ್ವತದ ಸೀಮೆಯಲ್ಲೂ ಇದು ನೆಲೆಯೂರಿದೆ. 250 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 810 ಮೀಟರ್, ಬಲ ಸುಮಾರು 5,300 ಜೂಲ್. 225 ಗ್ರೇನಿನದು ಸುಮಾರು 850 ಮೀಟರ್.

ಎಲ್ಕ್ ಎಂಬ ಪ್ರಾಣಿಯನ್ನು ನೋಡದವರು ನಮ್ಮ ಕಡವೆಯನ್ನು ನೆನಪಿಸಿಕೊಂಡು ಅದಕ್ಕಿಂತ ಒಂದು ಕೈ ಮೇಲೆಂದು ತಿಳಿಯಬಹುದು, ಗಂಡು 300 ಕಿಲೋ ದಾಟುತ್ತದೆ. ಅದು ಕಣಿವೆಯ ಆಚೆ ದಂಡೆಯಲ್ಲಿ ಮೇಯುತ್ತಿರುತ್ತದೆ, ನೀವು ಈಚೆಯಲ್ಲಿ. ಇಂಥಲ್ಲಿ .338ರ ವೇಗ ಕೆಲಸಕ್ಕೆ ಬರುತ್ತದೆ. 200 ಗಜಕ್ಕೆ ಸರಿಯಾಗಿ ಗುರಿ ಕೂರಿಸಿದ ಬಂದೂಕಿನಿಂದ 300 ಗಜಕ್ಕೆ ಹೊಡೆದರೆ .338ರ ಗುಂಡು ಸುಮಾರು 8 ಇಂಚು ಕೆಳಗೆ ಬೀಳುತ್ತದೆ; 9.3ರದು ಸುಮಾರು 12 ಇಂಚು. ನಾಲ್ಕು ಇಂಚಿನ ಅಂತರ ದೊಡ್ಡದಲ್ಲ ಎನ್ನಬಹುದು. ಆದರೆ ದೂರವನ್ನು ಕಣ್ಣಳತೆಯಲ್ಲಿ ಐವತ್ತು ಗಜ ತಪ್ಪಿ ಹೇಳುವವರೇ ನಮ್ಮಲ್ಲಿ ಹೆಚ್ಚು, ಆಗ ಎರಡು ತಪ್ಪುಗಳು ಒಂದರ ಮೇಲೊಂದು ಕೂರುತ್ತವೆ. ತೆರೆದ ಬೆಟ್ಟದ ಬೇಟೆಗೆ .338 ಉತ್ತಮ, ನಾನು ವಾದ ಮಾಡುವುದಿಲ್ಲ.

ನಾನು ಎಂಟು ವರ್ಷ ಅದನ್ನೇ ಇಟ್ಟುಕೊಂಡು ಕೊನೆಗೆ ಮಾರಿದ್ದೇಕೆ? ಒಂದು, ನಾನು ಹೋಗುವುದು ಪೊದೆ ಮತ್ತು ಸ್ಪ್ರೂಸ್ ಮರಗಳ ಒತ್ತುಕಾಡಿಗೆ. ಅಲ್ಲಿ ನೂರು ಗಜ ಕಂಡರೆ ಪುಣ್ಯ. ಎರಡು, ಹತ್ತಿರದಿಂದ ಹೋಗುವ ವೇಗದ ಗುಂಡು ಮುಂಗಾಲಿನ ಭುಜದ ಮಾಂಸವನ್ನು ರಕ್ತಗಟ್ಟಿಸಿ ಹಾಳು ಮಾಡುತ್ತದೆ; ಚಳಿಗಾಲಕ್ಕೆ ಫ್ರೀಜರ್ ತುಂಬಿಸುವವನಿಗೆ ಅದು ನಷ್ಟ. ಮೂಸ್ ಮಾಂಸಕ್ಕೆ ಊರಿಂದ ತಂದ ಕೊಡಗಿನ ಹುಳಿಯಾದ ಕಾಚಂಪುಳಿ ಹಾಕಿ ಬೇಯಿಸಿದವರಿಗೆ ಒಂದೊಂದು ಕಿಲೋದ ಬೆಲೆ ಗೊತ್ತು. ಮೂರನೆಯದನ್ನು ಮುಂದೆ ಹೇಳುತ್ತೇನೆ.

.35 ವೀಲನ್‌ಗೆ ಎರಡು ಮಾತು ಸಾಕು. 1922ರಲ್ಲಿ ಹುಟ್ಟಿದ್ದು, ಅಮೆರಿಕದ ಕರ್ನಲ್ ಟೌನ್ಸೆಂಡ್ ವೀಲನ್ ಅವರ ಹೆಸರಿನದು; ಅಮೆರಿಕದ ಹೆಸರುವಾಸಿ ರೈಫಲ್ ತೋಟಾ .30-06ರ ಕುತ್ತಿಗೆಯನ್ನು .358 ಇಂಚಿಗೆ ಹಿಗ್ಗಿಸಿದರೆ ಇದೇ. ದಶಕಗಳ ಕಾಲ ಕುಶಲಕರ್ಮಿಗಳ ತೋಟಾ ಆಗಿದ್ದು, 1980ರ ದಶಕದ ಕೊನೆಯಲ್ಲಿ ರೆಮಿಂಗ್ಟನ್ ಅದನ್ನು ಕಾರ್ಖಾನೆಯ ತೋಟಾ ಮಾಡಿತು. 250 ಗ್ರೇನ್, ಸುಮಾರು 730 ಮೀಟರ್, 4,300 ಜೂಲ್. 9.3ರ ಕೆಲಸವನ್ನು ಬಹುಪಾಲು ಮಾಡುತ್ತದೆ, ಅಮೆರಿಕದಲ್ಲಿ ತೋಟಾ ಹುಡುಕುವುದೂ ಸುಲಭ. ಇದಕ್ಕಿಂತ ಗಿಡ್ಡ ಬಂದೂಕು ಬೇಕೆಂದರೆ ಇನ್ನೂ ಗಿಡ್ಡದಾದ .308 ತೋಟಾದ ಕೇಸಿನಿಂದ ಬಂದ .358 ವಿಂಚೆಸ್ಟರ್ ಮತ್ತು .338 ಫೆಡರಲ್ ಇವೆ. ಕಾಡಿನೊಳಗಿನ ಬೇಟೆಗೆ ಸೊಗಸಾದವು, ಆದರೆ ಕೊಳ್ಳುವವರು ಕಡಿಮೆ, ಆದ್ದರಿಂದ ಅಂಗಡಿಯಲ್ಲೂ ಕಡಿಮೆ.

ದಬ್ಬಣ ಮತ್ತು ಗೂಟ

ಗೋಣಿಚೀಲದೊಳಗೆ ದಬ್ಬಣ ಸಲೀಸಾಗಿ ಇಳಿಯುತ್ತದೆ, ಅಷ್ಟೇ ತೂಕದ ಗೂಟ ಇಳಿಯುವುದಿಲ್ಲ. ಗುಂಡಿಗೂ ಇದೇ ನಿಯಮ. ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು, ಇಂಚಿನ ಅಡ್ಡಳತೆಯ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ದೊಡ್ಡದಿದ್ದಷ್ಟೂ ಗುಂಡು ದಬ್ಬಣದಂತೆ. .338ರ 250 ಗ್ರೇನಿಗೆ .313. 9.3ರ 286ಕ್ಕೂ .375ರ 300ಕ್ಕೂ .305. .35 ವೀಲನ್ನಿನ 250ಕ್ಕೆ .279. ಮೊದಲ ಮೂರರ ನಡುವೆ ಆಳಕ್ಕೆ ಇಳಿಯುವ ವಿಷಯದಲ್ಲಿ ಭೇದವೇ ಇಲ್ಲವೆಂಬುದು ಇಲ್ಲಿ ಕಾಣುತ್ತದೆ.

ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ನರಭಕ್ಷಕ ಹುಲಿ ಚಿರತೆಗಳ ಹಿಂದೆ ಹೋದದ್ದು .405 ವಿಂಚೆಸ್ಟರ್ ತೋಟಾದ ಲಿವರ್ ರೈಫಲ್ ಹಿಡಿದು. 1909ರಲ್ಲಿ ಆಫ್ರಿಕಾಕ್ಕೆ ಹೋದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಸಿಂಹಕ್ಕೆ ಇದನ್ನೇ ಮೆಚ್ಚಿದ್ದರು. 300 ಗ್ರೇನ್ ಗುಂಡೇ, ಆದರೆ ಅಡ್ಡಳತೆ .411 ಇಂಚು. ಲೆಕ್ಕ ಹಾಕಿದರೆ .254, ಅಂದರೆ ಗೂಟ. ಹುಲಿ ಸಿಂಹಗಳ ಚರ್ಮ ತೆಳು, ಮೂಳೆ ಹಗುರ. ಅಲ್ಲಿ ಗೂಟವೇ ಒಳ್ಳೆಯದು, ಒಮ್ಮೆಗೇ ಬೀಳಿಸುತ್ತದೆ. ದಪ್ಪ ಚರ್ಮದ ಕಾಡೆಮ್ಮೆ, ಘೇಂಡಾಮೃಗಗಳ ಮುಂದೆ ಅದೇ ಗುಂಡು ಅಷ್ಟು ಆಳಕ್ಕೆ ಹೋಗುವುದಿಲ್ಲ. ತೋಟಾ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರು ಯಾವ ಪ್ರಾಣಿಗೆ ಎಂದು ಮೊದಲು ಹೇಳಬೇಕು.

ಸಂಖ್ಯೆ ಚೆನ್ನಾಗಿದ್ದರೂ ಗುಂಡು ಒಡೆದು ಚೂರಾದರೆ ಎಲ್ಲವೂ ವ್ಯರ್ಥ. 1940ರ ದಶಕದಲ್ಲಿ ಅಮೆರಿಕದ ಜಾನ್ ನಾಸ್ಲರ್ ಬ್ರಿಟಿಷ್ ಕೊಲಂಬಿಯಾದಲ್ಲಿ ಮೈಗೆಲ್ಲ ಕೆಸರು ಮೆತ್ತಿಕೊಂಡ ಮೂಸ್‌ಗೆ ವೇಗದ ಮ್ಯಾಗ್ನಮ್ಮಿನಿಂದ ಗುಂಡು ಹಾರಿಸಿದರು. ಗುಂಡು ಮೇಲ್ಮೈಯಲ್ಲೇ ಸಿಡಿದುಹೋಯಿತು, ಒಳಗೆ ಹೋಗಲಿಲ್ಲ. ಆ ಸಿಟ್ಟಿನಿಂದ ಹುಟ್ಟಿದ್ದು ನಾಸ್ಲರ್ ಪಾರ್ಟಿಷನ್ ಗುಂಡು. ತಾಮ್ರದ ಹೊದಿಕೆಯ ನಡುವೆ ಒಂದು ಅಡ್ಡಗೋಡೆ. ಮುಂದಿನ ಅರ್ಧ ಅಣಬೆಯಂತೆ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ತಳ್ಳುತ್ತಾ ಹೋಗುತ್ತದೆ. ಈಗ ಪೂರ್ತಿ ತಾಮ್ರದ ಗುಂಡುಗಳೂ ಇವೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ, ಅಲ್ಲಿಗೆ ಹೋಗುವವರಿಗೆ ಬೇರೆ ದಾರಿ ಇಲ್ಲ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಹೆಚ್ಚು ಉದ್ದವಾಗುತ್ತದೆ, ಒಡೆಯುವುದೂ ಇಲ್ಲ. ಆದ್ದರಿಂದ ತೂಕದಲ್ಲಿ ಒಂದು ಮೆಟ್ಟಿಲು ಇಳಿಯಬಹುದು. .375ರಲ್ಲಿ 300ರ ಬದಲು 270, .338ರಲ್ಲಿ 250ರ ಬದಲು 225 ಅಥವಾ 210. ನನ್ನನ್ನು ಕೇಳಿದರೆ, ಎರಡು ತೋಟಾಗಳ ನಡುವೆ ತಲೆಕೆಡಿಸಿಕೊಳ್ಳುವ ಸಮಯದಲ್ಲಿ ಅರ್ಧವನ್ನು ಗುಂಡಿನ ಆಯ್ಕೆಗೆ ಕೊಟ್ಟರೆ ಹೆಚ್ಚು ಲಾಭ.

ಕಾನೂನಿನ ಗೆರೆ

ನಮೀಬಿಯಾದಲ್ಲಿ ಆನೆ, ಕಾಡೆಮ್ಮೆ, ಘೇಂಡಾಮೃಗಗಳಿಗೆ ನಳಿಗೆಯ ಬಾಯಲ್ಲಿ ಕನಿಷ್ಠ 5,400 ಜೂಲ್ ಇರಬೇಕು. ಹುಲ್ಲೆ ಜಾತಿಯ ಕುಡು, ಎಲ್ಯಾಂಡ್, ಓರಿಕ್ಸ್‌ಗಳಿಗೆ 2,700 ಸಾಕು. ಮೇಲಿನ ಸಂಖ್ಯೆಗಳನ್ನು ಇದರ ಪಕ್ಕ ಇಟ್ಟು ನೋಡಿ: .375 ದಾಟುತ್ತದೆ, .338ರ ಮಾಮೂಲಿ ತೋಟಾ ನೂರು ಜೂಲಿನಿಂದ ಹೊರಗುಳಿಯುತ್ತದೆ, 9.3 ಮತ್ತು ವೀಲನ್ ಹತ್ತಿರಕ್ಕೂ ಬರುವುದಿಲ್ಲ. ಹಳೆಯ ಜರ್ಮನ್ ರೈತ ಇದೇ ನೆಲದಲ್ಲಿ ಇದೇ 9.3 ಹಿಡಿದು ತಿರುಗಿದ್ದ ಎಂದು ವಾದಿಸಿ ಪ್ರಯೋಜನವಿಲ್ಲ. ಆಫ್ರಿಕಾದ ಇನ್ನೂ ಹಲವು ಕಡೆ ಅಪಾಯಕಾರಿ ಪ್ರಾಣಿಗಳಿಗೆ .375 ಎಂಬುದೇ ಕನಿಷ್ಠ ಮಿತಿ. ಟಿಕೆಟ್ ಕೊಳ್ಳುವ ಮುಂಚೆ ಹೋಗುವ ದೇಶದ ನಿಯಮವನ್ನು ಬರಹದಲ್ಲಿ ತರಿಸಿಕೊಳ್ಳಬೇಕು.

ಇನ್ನೊಂದು ತುದಿಗೆ ಸ್ವೀಡನ್. ಅಲ್ಲಿ ಮೂಸ್‌ಗೆ ಹತ್ತು ಗ್ರಾಂ ಮತ್ತು ಅದಕ್ಕಿಂತ ಹೆಚ್ಚಿನ ಗುಂಡಾದರೆ ನೂರು ಮೀಟರ್ ದೂರದಲ್ಲಿ 2,000 ಜೂಲ್ ಉಳಿದಿದ್ದರೆ ಸಾಕು. 6.5 ಮಿಲಿಮೀಟರಿನ ಸಣ್ಣ ತೋಟಾದಲ್ಲಿ ತಾತ, ತಂದೆ, ಮಗ ಎಲ್ಲರೂ ಮೂಸ್ ಹೊಡೆದ ಮನೆಗಳು ಅಲ್ಲಿವೆ. ಇದನ್ನು ಹೇಳಿದ ಕೂಡಲೇ ಅಕ್ಕನ ಮಗ, "ಹಾಗಾದರೆ ಮಧ್ಯಮ ನಳಿಗೆಯೇ ಬೇಡವಲ್ಲ?" ಎಂದ. ಬೇಕೇಬೇಕೆಂದೇನೂ ಇಲ್ಲ. ಪ್ರಾಣಿ ಓರೆಯಾಗಿ ನಿಂತಿದ್ದಾಗ, ನಡುವೆ ಭುಜದ ಮೂಳೆ ಇದ್ದಾಗ, ಸಂಜೆಯಾಗುತ್ತಿದ್ದು ಹಿಮದ ಮೇಲೆ ರಕ್ತದ ಜಾಡು ಹಿಡಿಯಬೇಕಾದಾಗ ದೊಡ್ಡ ರಂಧ್ರ ಮಾಡುವ ಭಾರದ ಗುಂಡು ನಿಮ್ಮ ಪರವಾಗಿರುತ್ತದೆ. ಕರಡಿಗಳಿರುವ ಸೀಮೆಯಲ್ಲಿ ಹೊಡೆದ ಮೂಸ್ ಅನ್ನು ಕತ್ತರಿಸಿ ಹೊರುವಾಗ ಪಕ್ಕದಲ್ಲಿ ಒರಗಿಸಿಟ್ಟ ಬಂದೂಕು 9.3 ಎಂಬುದು ಸಮಾಧಾನ ಕೊಡುತ್ತದೆ. ಆ ಸಮಾಧಾನಕ್ಕೆ ಎಷ್ಟು ಬೆಲೆ ಎಂಬುದು ಅವರವರ ಲೆಕ್ಕ.

ಹೆಗಲಿನ ಲೆಕ್ಕ

ನಾನು .338 ಮಾರಿದ್ದಕ್ಕೆ ಮೂರನೆಯ ಕಾರಣ ಇದು. .30-06 ಬಂದೂಕು ಒದೆಯುವುದನ್ನು ಒಂದು ಎಂದು ಹಿಡಿದರೆ, ಅದೇ ತೂಕದ .35 ವೀಲನ್ ಅದಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು, 9.3 ಸುಮಾರು ಒಂದೂವರೆ, .338 ಅದಕ್ಕೂ ಸ್ವಲ್ಪ ಮೇಲೆ, .375 ಎರಡರ ಹತ್ತಿರ. ಆದರೆ ಸಂಖ್ಯೆ ಪೂರ್ತಿ ಹೇಳುವುದಿಲ್ಲ. .375ರದು ಎಮ್ಮೆ ಹಣೆಯಿಂದ ನೂಕಿದಂತೆ ನಿಧಾನವಾದ ತಳ್ಳು, ಬಂದೂಕೂ ಭಾರವಿರುತ್ತದೆ. .338ರದು ಆಡಿನ ಗುದ್ದು, ಚುರುಕು. ಹಗುರವಾದ ಪ್ಲಾಸ್ಟಿಕ್ ಹಿಡಿಯ .338 ಹಿಡಿದು ಬೆಂಚಿನ ಮೇಲೆ ಕುಳಿತು ಹತ್ತು ಈಡು ಹೊಡೆದರೆ ಹನ್ನೊಂದನೆಯದಕ್ಕೆ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತದೆ. ನನಗೆ ಮುಚ್ಚುತ್ತಿತ್ತು. ಎಂಟು ವರ್ಷ ಅದನ್ನು ಯಾರಿಗೂ ಹೇಳದೆ, ಗುರಿ ತಪ್ಪಿದ್ದಕ್ಕೆಲ್ಲ ಗಾಳಿಯನ್ನೋ ದುರ್ಬೀನನ್ನೋ ದೂರುತ್ತಿದ್ದೆ. ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಬ್ರೇಕ್ ಹಾಕಿದರೆ ಒದೆತ ಕಡಿಮೆಯಾಗುವುದು ನಿಜ. ಪಕ್ಕದಲ್ಲಿ ನಿಂತವನ ಕಿವಿ ಹಾಳಾಗುವುದೂ ಅಷ್ಟೇ ನಿಜ.

ಹಾಗಾಗಿ ಕೊಳ್ಳುವವರಿಗೆ ನಾನು ಹೇಳುವುದು ಹೀಗೆ. ಮುಂದಿನ ಐದು ವರ್ಷದಲ್ಲಿ ಕಾಡೆಮ್ಮೆಗೆ ಹೋಗುವುದು ಖಚಿತವಿದ್ದರೆ .375 ಹಾಲೆಂಡ್ ಕೊಳ್ಳಿ, ಬೇರೆ ಯೋಚನೆ ಬೇಡ. ‘ಯಾವಾಗಲಾದರೂ ಹೋಗಬಹುದು’ ಎಂಬಷ್ಟೇ ಆಸೆಯಿದ್ದರೆ ಬೇಡ, ಅಲ್ಲಿ ಬಾಡಿಗೆಗೂ ಬಂದೂಕು ಸಿಗುತ್ತದೆ. ತೆರೆದ ಬೆಟ್ಟ, ಎಲ್ಕ್, ಇನ್ನೂರೈವತ್ತು ಗಜ ಮಾಮೂಲು ಎನ್ನುವವರಿಗೆ .338, ಆದರೆ ನಾಲ್ಕು ಕಿಲೋಗೆ ಕಡಿಮೆಯಿಲ್ಲದ ಬಂದೂಕಿನಲ್ಲಿ. ಒತ್ತುಕಾಡು, ಮೂಸ್, ಹಂದಿ, ಕರಡಿ ಆದರೆ 9.3, ಅಮೆರಿಕದ ಹಳ್ಳಿಗಾಡಿನಲ್ಲಿದ್ದು ತೋಟಾ ಸಿಗುವುದೇ ಮುಖ್ಯವೆಂದರೆ ವೀಲನ್. ಈಗಾಗಲೇ ಒಳ್ಳೆಯ .30-06 ಇದ್ದವರು ಹಣವನ್ನು ಗಟ್ಟಿ ಗುಂಡಿಗೂ ಅಭ್ಯಾಸಕ್ಕೂ ಖರ್ಚು ಮಾಡಿದರೆ ನನಗೇನೂ ಬೇಸರವಿಲ್ಲ.

ಅಕ್ಕನ ಮಗನಿಗೆ ಇಷ್ಟು ಹೇಳಿದರೂ ಪಟ್ಟಿಯ ಮೇಲಿನ ಪ್ರೀತಿ ಹೋಗಿರಲಿಲ್ಲ. ಶನಿವಾರ ಗುರಿಮೈದಾನಕ್ಕೆ ಕರೆದುಕೊಂಡು ಹೋದೆ. ಗೆಳೆಯ ತನ್ನ .338 ತಂದಿದ್ದ, ಇನ್ನೊಬ್ಬರು .375. ಮೊದಲು ನನ್ನ 9.3ರಲ್ಲಿ ಐದು ಈಡು. ಐದೂ ಅಂಗೈಯಗಲದೊಳಗೆ ಬಿದ್ದವು. .375ರಲ್ಲಿ ಮೂರು ಹೊಡೆದು ನಕ್ಕ, ಸಾಕು ಎಂದ. .338ರಲ್ಲಿ ನಾಲ್ಕನೆಯದು ಹಾಳೆಯ ಹೊರಗೆ ಹೋಯಿತು. ಗಾಳಿ ಇದೆ ಎಂದ. ಮೈದಾನದ ಬಾವುಟ ಅಲುಗುತ್ತಿರಲಿಲ್ಲ, ನಾನು ಸುಮ್ಮನಿದ್ದೆ.

ಈಗ ಹಳೆಯ ರೈಫಲ್‌ಗಳ ಅಂಗಡಿಗಳಲ್ಲಿ 9.3 ಹುಡುಕುತ್ತಿದ್ದಾನೆ. ಸಿಗುವವರೆಗೆ ನನ್ನದನ್ನು ಒಯ್ಯುತ್ತೇನೆ ಎಂದಿದ್ದಾನೆ. ತೋಟಾ ಅವನೇ ಕೊಳ್ಳಬೇಕು, ಹೊರಡುವ ಹಿಂದಿನ ರಾತ್ರಿಯೇ ಕಾರಿನಲ್ಲಿ ಇಟ್ಟಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದ್ದೇನೆ.